ಪ್ಲೌ ಬಿಟ್ಟು ಹೋದ ಗೋಡೆ, ಹಿಡಿದುಕೊಂಡ ಸೊಂಟ, ಹುಳಿ ಬಾರದ ಹಿಟ್ಟು: ಸ್ನೋ ಗೋಳು ಇಲ್ಲಿ ಹೇಳಿಕೊಳ್ಳಿ

ಸೊಂಟ_ಹಿಡಿದವ (ಅಮೆರಿಕದ ನ್ಯೂಯಾರ್ಕ್ ರಾಜ್ಯ, ಬಫಲೋ ಹತ್ತಿರ), ಬೆಳಿಗ್ಗೆ 7:12

ಬೆಳಿಗ್ಗೆ ಐದೂವರೆಗೆ ಎದ್ದು ಒಂದು ಗಂಟೆ ಹತ್ತು ನಿಮಿಷ ರಸ್ತೆಯಿಂದ ಗ್ಯಾರೇಜ್ ತನಕ ಇರೋ ಡ್ರೈವ್‌ವೇ ಸ್ನೋ ಎತ್ತಿ ಹಾಕಿದೆ. ಒಳಗೆ ಬಂದೆ. ಬೂಟು ಬಿಚ್ಚಿ, ಡಿಕಾಕ್ಷನ್ ಇಳಿಸಿ, ಲೋಟ ಬಾಯಿಗಿಡುವಷ್ಟರಲ್ಲಿ ಹಳದಿ ದೀಪ ಮಿಣಮಿಣ ಅನ್ನಿಸಿಕೊಂಡು ಪ್ಲೌ ಗಾಡಿ ಬಂತು. ರಸ್ತೆಯಲ್ಲಿದ್ದ ಸ್ನೋ ಅಷ್ಟನ್ನೂ ತಳ್ಳಿಕೊಂಡು ಬಂದು ನಮ್ಮ ಡ್ರೈವ್‌ವೇ ಬಾಯಿಗೆ ಸುರಿದು ಹೋಯ್ತು. ಮೊಣಕಾಲೆತ್ತರದ ಗೋಡೆ. ಅದೂ ಮೇಲಿಂದ ಬಿದ್ದ ಹಗುರ ಸ್ನೋ ಅಲ್ಲ, ಉಪ್ಪು, ಮಣ್ಣು, ಐಸ್ ಗಡ್ಡೆ ಎಲ್ಲ ಸೇರಿದ್ದು. ಅರ್ಧ ಗಂಟೆ ಬಿಟ್ಟರೆ ಕಾಂಕ್ರೀಟ್.

ಆರು ವರ್ಷ ಅಪಾರ್ಟ್‌ಮೆಂಟಲ್ಲಿದ್ದೆ, ಆಗ ಸ್ನೋ ಅಂದ್ರೆ ಕಿಟಕಿಯಿಂದ ಫೋಟೋ ತೆಗೆದು ಊರಿಗೆ ಕಳಿಸೋದು ಅಷ್ಟೇ. ಇದು ಸ್ವಂತ ಮನೆಯಲ್ಲಿ ಮೊದಲ ಚಳಿಗಾಲ. ಮನೆ ತೋರಿಸಿದ ಏಜೆಂಟ್ "ಡ್ರೈವ್‌ವೇ ಎಷ್ಟು ಉದ್ದ ನೋಡಿ, ನಾಲ್ಕು ಕಾರು ನಿಲ್ಲಿಸಬಹುದು" ಅಂದಾಗ ನಾವಿಬ್ಬರೂ ಖುಷಿಯಾಗಿ ತಲೆ ಆಡಿಸಿದ್ದೆವು. ಈಗ ಗೊತ್ತಾಗ್ತಿದೆ.

ಪ್ಲೌ ಗೋಡೆಗೆ ಏನಾದ್ರೂ ಪರಿಹಾರ ಇದೆಯಾ? ಇಲ್ಲದಿದ್ರೂ ಪರವಾಗಿಲ್ಲ, ಸುಮ್ನೆ ಯಾರ ಹತ್ರನಾದ್ರೂ ಹೇಳಿಕೊಳ್ಳಬೇಕಿತ್ತು. ಹೆಂಡತಿ ಮೂರನೇ ಸಲಕ್ಕೇ ಕೇಳೋದು ನಿಲ್ಲಿಸಿದ್ದಾಳೆ.

ಮೂವತ್ತು_ಚಳಿಗಾಲ (ರಾಚೆಸ್ಟರ್), ಬೆಳಿಗ್ಗೆ 7:40

ಸ್ವಾಗತ ಸಂಘಕ್ಕೆ. ಪರಿಹಾರ ಇದೆ, ಪೂರ್ತಿ ಅಲ್ಲ, ಮುಕ್ಕಾಲು.

ಮನೆಗೆ ಬೆನ್ನು ಹಾಕಿ ರಸ್ತೆ ನೋಡಿಕೊಂಡು ನಿಲ್ಲಿ. ನಿಮ್ಮ ಕಡೆಯ ಪ್ಲೌ ಎಡಗಡೆಯಿಂದ ಬರುತ್ತೆ. ಡ್ರೈವ್‌ವೇ ಶುರುವಾಗೋದಕ್ಕೆ ಮುಂಚೆ, ಅಂದ್ರೆ ಎಡಗಡೆ, ರಸ್ತೆ ಅಂಚಲ್ಲೇ ಹತ್ತು ಹದಿನೈದು ಅಡಿ ಉದ್ದಕ್ಕೆ ಸ್ನೋ ತೆಗೆದು ಖಾಲಿ ಜಾಗ ಮಾಡಿ. ಪ್ಲೌ ಹೊತ್ತು ತಂದಿದ್ದನ್ನ ಆ ಗುಂಡಿಗೆ ಇಳಿಸಿ ನಿಮ್ಮ ಬಾಗಿಲ ಮುಂದೆ ಹಗುರಾಗಿ ಹೋಗುತ್ತೆ. ನೀವು ತೆಗೆದ ಸ್ನೋ ಎಲ್ಲ ಬಲಗಡೆ ರಾಶಿ ಹಾಕಿ. ಎಡಗಡೆ ಹಾಕಿದ್ರೆ ಪ್ಲೌ ಅದನ್ನೇ ತಂದು ನಿಮಗೆ ವಾಪಸ್ ಕೊಡುತ್ತೆ. ನನಗೆ ಇದು ತಿಳಿಯೋಕೆ ಒಂಬತ್ತು ವರ್ಷ ಹಿಡೀತು, ಅದೂ ಎದುರು ಮನೆಯ ಎಂಬತ್ತರ ಅಜ್ಜ ಕರುಣೆಯಿಂದ ಹೇಳಿಕೊಟ್ಟಿದ್ದು. ಒಂಬತ್ತು ವರ್ಷ ಆತ ನನ್ನನ್ನ ಕಿಟಕಿಯಿಂದ ನೋಡ್ತಾನೇ ಇದ್ದ ಅನ್ಸುತ್ತೆ.

ಮತ್ತೆ ಪ್ಲೌ ಬಂದು ಹೋಗೋ ಮೊದಲೇ ಡ್ರೈವ್‌ವೇ ಬಾಯಿ ಮುಟ್ಟಬೇಡಿ. ಒಳಗಿನದು ಮಾತ್ರ ತೆಗೀರಿ.

ಸೊಂಟ_ಹಿಡಿದವ, ಬೆಳಿಗ್ಗೆ 7:51

ಒಂಬತ್ತು ವರ್ಷ! ನಾನು ಇವತ್ತು ಎಲ್ಲಾ ಎಡಗಡೆಗೇ ಹಾಕಿದ್ದೀನಿ ಸಾರ್.

ಕೊಬ್ಬರಿಎಣ್ಣೆ_ಗಟ್ಟಿ (ಸಿರಕ್ಯೂಸ್), ಬೆಳಿಗ್ಗೆ 8:15

ಬಫಲೋದವರು ಗೋಳಾಡೋದು ನೋಡಿದ್ರೆ ನಗು ಬರುತ್ತೆ. ನಿಮಗೆ ವರ್ಷಕ್ಕೆ ಸರಾಸರಿ ಎಂಟು ಅಡಿ, ನಮಗೆ ಹತ್ತರ ಆಸುಪಾಸು. ನಮ್ಮ ಕಡೆಯ ಊರುಗಳ ಮಧ್ಯೆ ಯಾರಿಗೆ ಜಾಸ್ತಿ ಬಿತ್ತು ಅಂತ ಗೋಲ್ಡನ್ ಸ್ನೋಬಾಲ್ ಪಂದ್ಯ ಬೇರೆ ಇದೆ, ಬಹಳ ವರ್ಷ ಸಿರಕ್ಯೂಸೇ ಗೆಲ್ಲೋದು. ಬೇರೆ ಯಾವುದರಲ್ಲೂ ಗೆಲ್ಲದಿದ್ರೂ ಇದೊಂದಿದೆ.

ನಂದೊಂದು ಪ್ರಶ್ನೆ. ಇವತ್ತು ಬಿದ್ದಿದ್ದು ಯಾವ ಥರದ ಸ್ನೋ? ಅದು ಗೊತ್ತಿಲ್ಲದೆ ಶೊವೆಲ್ (ಸಲಿಕೆ) ಹಿಡಿಯಬಾರದು. ನಮ್ಮನೇಲಿ ರವೆ ಲೆಕ್ಕ. ಚಳಿ ಜಾಸ್ತಿ ಇದ್ದು ಗಾಳಿಗೆ ಹಾರೋ ಹಾಗಿದ್ರೆ ಚಿರೋಟಿ ರವೆ, ಪೊರಕೆಯಲ್ಲೇ ಗುಡಿಸಬಹುದು. ಸ್ವಲ್ಪ ಕಾಳು ಕಾಳಾಗಿ ಕಾಲಡಿ ಕಿರ್ ಕಿರ್ ಅಂದ್ರೆ ಬನ್ಸಿ ರವೆ. ಸೊನ್ನೆ ಡಿಗ್ರಿ ಹತ್ತಿರ ಬಿದ್ದು ಒದ್ದೆ ಇದ್ರೆ ರುಬ್ಬಿದ ಹಿಟ್ಟು, ಒಂದು ಶೊವೆಲ್ ಎತ್ತಿದ್ರೆ ಒಂದು ಬಿಂದಿಗೆ ನೀರು ಎತ್ತಿದ ಹಾಗೆ. ಸೊಂಟ ಹೋಗೋದು ಈ ಮೂರನೇದರಲ್ಲೇ.

ಸೊಂಟ_ಹಿಡಿದವ, ಬೆಳಿಗ್ಗೆ 8:20

ಹಿಟ್ಟು. ಗಟ್ಟಿ ವಡೆ ಹಿಟ್ಟು.

ಜಯನಗರ_4ನೇ_ಬ್ಲಾಕ್ (ಬೆಂಗಳೂರು), ಬೆಳಿಗ್ಗೆ 8:33

ಇಲ್ಲಿ ರಾತ್ರಿ 15 ಡಿಗ್ರಿಗೆ ಇಳಿದಿದ್ದಕ್ಕೇ ವಾಕಿಂಗ್ ಬರೋರೆಲ್ಲ ಸ್ವೆಟರ್, ಮಫ್ಲರ್, ಕಿವಿಗೆ ಹತ್ತಿ. ನಿಮ್ಮ ಕಥೆ ಓದ್ತಾ ಬಿಸಿ ಬಿಸಿ ಅವರೆಕಾಳು ಉಪ್ಪಿಟ್ಟು ತಿಂತಿದ್ದೀನಿ. ಇಷ್ಟು ಕಷ್ಟ ಯಾಕ್ರೀ ಪಡ್ತೀರ, ವಾಪಸ್ ಬಂದ್ಬಿಡಿ. ಯಾರು ಹೋಗು ಅಂದಿದ್ರು?

ಕೊಬ್ಬರಿಎಣ್ಣೆ_ಗಟ್ಟಿ, ಬೆಳಿಗ್ಗೆ 8:41

ಬಂತು ನೋಡಿ. ಪ್ರತಿ ವರ್ಷ ಯಾರಾದ್ರೂ ಒಬ್ಬರು ಇದನ್ನ ಹೇಳಲೇಬೇಕು. ಸ್ವಾಮಿ, 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಮುಳುಗಿ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರಲ್ಲ, ಆಗ ನಾವು ಯಾರಾದ್ರೂ "ಯಾರು ಅಲ್ಲಿ ಮನೆ ಮಾಡು ಅಂದಿದ್ರು" ಅಂತ ಕೇಳಿದ್ವಾ? ಅವರೆಕಾಳು ವಿಷಯ ಮಾತ್ರ ಅನ್ಯಾಯ, ಇಲ್ಲಿ ಫ್ರೋಜನ್ ಸಿಗುತ್ತೆ, ಸೊಗಡು ಇರಲ್ಲ.

ಬೇಂದ್ರೆನಗರಿ (ಧಾರವಾಡ), ಬೆಳಿಗ್ಗೆ 8:58

ಜಗಳ ಬ್ಯಾಡ್ರಿ. ಹಿಮ ಅಂದ ಕೂಡಲೆ ನಮ್ಮ ಜಿಲ್ಲೆಯವರಿಗೆ ನೆನಪಾಗೋದು ಬೆಟದೂರಿನ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ಕ್ಕೆ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಸೈನಿಕರು ಹೂತುಹೋದರು. ಆರು ದಿನ ಹಿಮದ ಅಡಿಯಲ್ಲಿದ್ದು ಅವರೊಬ್ಬರೇ ಉಸಿರಾಡ್ತಾ ಸಿಕ್ಕರು. 11ಕ್ಕೆ ದೆಹಲಿಯಲ್ಲಿ ತೀರಿಕೊಂಡರು. ಆ ವಾರ ನಮ್ಮ ಊರಲ್ಲಿ ಬೇರೆ ಮಾತೇ ಇರಲಿಲ್ಲ, ಹಿಮ ಕಂಡೇ ಇರದ ನಮ್ಮವ್ವ ದಿನಾ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ನೀವೆಲ್ಲ ಹುಷಾರಾಗಿರ್ರಿ, ಅಷ್ಟ.

ಮೂವತ್ತು_ಚಳಿಗಾಲ, ಬೆಳಿಗ್ಗೆ 9:10

ಹೌದು, ಆ ದಿನಗಳು ನೆನಪಿವೆ. ಹುಷಾರಿನ ಮಾತು ಬಂದಿದ್ದರಿಂದ ಒಂದು ಹೇಳ್ತೀನಿ. ಸೊಂಟ ಹಿಡಿದವರೇ, ವಯಸ್ಸು ಎಷ್ಟು? ನಲವತ್ತೈದು ದಾಟಿದ್ರೆ, ಬಿಪಿ ಶುಗರ್ ಇದ್ರೆ, ಎದ್ದ ತಕ್ಷಣ ಹೋಗಿ ಒದ್ದೆ ಸ್ನೋ ಎತ್ತಬೇಡಿ. ಚಳಿಗೆ ರಕ್ತನಾಳ ಬಿಗಿಯಾಗಿರುತ್ತೆ, ಮೇಲೆ ಉಸಿರು ಹಿಡಿದು ಕೈಯಲ್ಲಿ ಭಾರ ಎತ್ತೋದು, ಹೃದಯಕ್ಕೆ ಎರಡು ಕಡೆಯಿಂದ ಹೊಡೆತ. ಪ್ರತಿ ಚಳಿಗಾಲ ಹೀಗೆ ಡ್ರೈವ್‌ವೇನಲ್ಲೇ ಬಿದ್ದು ಹೋಗೋರು ಇದ್ದಾರೆ. ಎತ್ತಬೇಡಿ, ತಳ್ಳಿ. ಎಂಟು ಇಂಚು ಬೀಳೋತನಕ ಕಾಯಬೇಡಿ, ಮೂರು ಮೂರು ಇಂಚಿಗೆ ಒಂದು ಸಲ ಹೋಗಿ ಬನ್ನಿ. ಶೊವೆಲ್‌ಗೆ ದೋಸೆ ಹಂಚಿಗೆ ಸವರೋ ಹಾಗೆ ಎಣ್ಣೆ ಸವರಿ, ಸ್ನೋ ಅಂಟಲ್ಲ.

ಸೊಂಟ_ಹಿಡಿದವ, ಬೆಳಿಗ್ಗೆ 9:22

ನಲವತ್ತೊಂದು. ಶುಗರ್ ಬಾರ್ಡರಲ್ಲಿದೆ. ಈ ಕೊನೆ ಸಾಲು ಹೆಂಡತಿಗೆ ಓದಿ ಹೇಳಿದೆ, ಎಣ್ಣೆ ಡಬ್ಬ ಬಚ್ಚಿಟ್ಟಳು.

ದಾವಣಗೆರೆ_ಹುಡುಗಿ (ಟೊರಾಂಟೊ), ಬೆಳಿಗ್ಗೆ 9:45

ನಮ್ಮಪ್ಪನ ಕಥೆ ಕೇಳಿ. ಡಿಸೆಂಬರ್‌ನಲ್ಲಿ ಅಪ್ಪ ಅಮ್ಮ ಬಂದರು, "ಸ್ನೋ ನೋಡಲೇಬೇಕು" ಅಂತ. ಬೇಸಿಗೆಯಲ್ಲಿ ಬನ್ನಿ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಮೊದಲ ದಿನ ಅಪ್ಪ ಅಂಗಳದಲ್ಲಿ ನಿಂತು ಕೈಯೊಡ್ಡಿ, ಬೂರಗದ ಹತ್ತಿ ಉದುರಿದ ಹಾಗಿದೆ ಅಂದರು, ಎರಡು ನೂರು ಫೋಟೋ. ಮೂರನೇ ದಿನ ನಾನು ಆಫೀಸಲ್ಲಿದ್ದಾಗ, ಮೆಟ್ಟಿಲ ಮೇಲಿನ ಐಸ್ ನೋಡಿ ಮಗಳು ಜಾರಿ ಬೀಳ್ತಾಳೆ ಅಂತ ಪಾಪ ಎರಡು ಪಾತ್ರೆ ನೀರು ಕುದಿಸಿ ತಂದು ಹುಯ್ದಿದ್ದಾರೆ. ಐಸ್ ಕರಗಿತು. ಹೊರಗೆ ಮೈನಸ್ 14. ನಾನು ಸಂಜೆ ಬರೋ ಹೊತ್ತಿಗೆ ಐದು ಮೆಟ್ಟಿಲೂ ಗಾಜು. ಕಂಬಿ ಹಿಡಿದುಕೊಂಡು ಮಂಡಿಯಲ್ಲಿ ಹತ್ತಿದೆ. ಅಪ್ಪ ಬಾಗಿಲಲ್ಲಿ ನಿಂತು "ಬಿಸಿನೀರು ಹಾಕಿದೀನಿ, ಆರಾಮಾಗಿ ಬಾ" ಅಂತಿದ್ದಾರೆ.

ಆಮೇಲೆ ಕಲ್ಲುಪ್ಪು ಹಾಕಿದ್ವಿ, ಅದೂ ಕೆಲಸ ಮಾಡಲಿಲ್ಲ. ಯಾಕೆ?

ಮಂಡ್ಯದಿಂದ_ಮಿನ್ನಿಯಾಪೊಲಿಸ್, ಬೆಳಿಗ್ಗೆ 10:02

ಮಾಮೂಲಿ ಉಪ್ಪು ಮೈನಸ್ 9 ಡಿಗ್ರಿ ಸುಮಾರಿಗೆ ಕೈ ಚೆಲ್ಲುತ್ತೆ ಅಕ್ಕ. ಅದಕ್ಕಿಂತ ಕೆಳಗೆ ಹೋದ್ರೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ದುಬಾರಿ, ಆದ್ರೆ ಮೈನಸ್ 25ರಲ್ಲೂ ಕರಗಿಸುತ್ತೆ. ಅದೂ ಬೇಡ ಅಂದ್ರೆ ಮರಳು ಚೆಲ್ಲಿ. ಐಸ್ ಹೋಗಲ್ಲ, ಕಾಲು ಜಾರಲ್ಲ ಅಷ್ಟೇ.

ನೀವೆಲ್ಲ ಸ್ನೋ ಸ್ನೋ ಅಂತೀರ, ನಮ್ಮಲ್ಲಿ ಸಮಸ್ಯೆ ಚಳಿ. ಮೈನಸ್ 30 ಆದ ದಿನ ಹೊರಗೆ ಉಸಿರೆಳೆದ್ರೆ ಮೂಗಿನೊಳಗಿನ ಕೂದಲು ಗಟ್ಟಿಯಾಗಿ ಚುಚ್ಚುತ್ತೆ. ಕಾರು ಸ್ಟಾರ್ಟ್ ಮಾಡಿದ್ರೆ ವಯಸ್ಸಾದ ಎಮ್ಮೆ ಎದ್ದ ಹಾಗೆ ಶಬ್ದ. ಒಂದು ವರ್ಷ ಮೈನಸ್ 40 ಅಂತ ಯಾರೋ ಅಂದಾಗ ಸೆಲ್ಸಿಯಸ್ಸಾ ಫ್ಯಾರನ್‌ಹೀಟಾ ಅಂತ ಕೇಳಿ ನಗೆಪಾಟಲಾದೆ, ಮೈನಸ್ 40ರಲ್ಲಿ ಎರಡೂ ಒಂದೇ. ಡೌನ್‌ಟೌನ್‌ನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸ್ಕೈವೇ ಇರೋದ್ರಿಂದ ಬದುಕಿದ್ದೀವಿ. ಪಾರ್ಕಿಂಗ್‌ನಿಂದ ಆಫೀಸು, ಊಟ, ಬ್ಯಾಂಕು, ಯಾವುದಕ್ಕೂ ಬೀದಿಗೆ ಇಳಿಯಬೇಕಾಗಿಲ್ಲ. ಕೋಟು ಕಾರಲ್ಲೇ ಬಿಟ್ಟು ಹೋಗೋ ಭೂಪರಿದ್ದಾರೆ.

ದಾವಣಗೆರೆ_ಹುಡುಗಿ, ಬೆಳಿಗ್ಗೆ 10:20

ಅಯ್ಯೋ, ನಮ್ಮೂರಲ್ಲಿ ಸ್ನೋ ಜಾಸ್ತಿ ಬಿತ್ತು ಅಂದ್ರೆ ಸಾಕು, ಕೆನಡಾದ ಉಳಿದವರೆಲ್ಲ "ಮಿಲಿಟರಿ ಕರೀರಿ" ಅಂತ ಆಡಿಕೊಳ್ತಾರೆ. 1999ರ ಜನವರಿಯಲ್ಲಿ ಆಗಿನ ಮೇಯರ್ ಮೆಲ್ ಲಾಸ್ಟ್‌ಮನ್ ಸ್ನೋ ತೆಗೆಯೋಕೆ ನಿಜವಾಗ್ಲೂ ಸೇನೆ ಕರೆಸಿದ್ದರು. ಆಗ ನಾನು ದಾವಣಗೆರೆಯಲ್ಲಿ ಸ್ಕೂಲ್ ಹುಡುಗಿ, ನನ್ನ ಮೇಲೂ ಜೋಕು.

ಆದ್ರೆ ಕಷ್ಟ ಸ್ನೋ ಅಲ್ಲ, ನಿಜ ಹೇಳ್ತೀನಿ. ಕತ್ತಲು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕು ಮುಕ್ಕಾಲಿಗೆ ಸೂರ್ಯ ಹೋಗಿಬಿಡ್ತಾನೆ. ಅಮ್ಮ ದೇವರ ದೀಪ ಹಚ್ಚಿ, ಅಡುಗೆ ಮುಗಿಸಿ, ಇನ್ನೇನು ಮಲಗೋ ಹೊತ್ತಾಯ್ತು ಅಂತ ಗಡಿಯಾರ ನೋಡಿದ್ರೆ ಆರೂವರೆ. "ಇಲ್ಲಿ ರಾತ್ರಿ ಎಷ್ಟು ಉದ್ದ ಇದೆಯೇ" ಅಂತ ದಿನಾ ಒಂದು ಸಲ. ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ಒಳಗೇ ಕಿಟಕಿ ಪಕ್ಕ ಕೂತು ರಸ್ತೆಯಲ್ಲಿ ಹೋಗೋ ಮನುಷ್ಯರನ್ನ ಎಣಿಸ್ತಾರೆ. ಕಾರು ಲೆಕ್ಕಕ್ಕಿಲ್ಲ, ನಡೆದು ಹೋಗೋರು ಮಾತ್ರ. ನಿನ್ನೆ ನಾಲ್ಕು ಜನ. ಅದರಲ್ಲಿ ಇಬ್ಬರು ಪೋಸ್ಟ್‌ನವರು, ಅಲ್ಲ, ಒಬ್ಬನೇ ಎರಡು ಸಲ ಹೋಗಿದ್ದಂತೆ. ಊರಲ್ಲಿ ಅವರು ದಿನಾ ಬೆಳಿಗ್ಗೆ ಗೆಳೆಯರ ಜೊತೆ ಮಂಡಕ್ಕಿ ಮೆಣಸಿನಕಾಯಿಗೆ ಹೋಗೋ ಮನುಷ್ಯ. ಮಾರ್ಚ್‌ಗೆ ಟಿಕೆಟ್ ಇದೆ. ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚ್ತಾ ಇರ್ತಾರೆ, ನಾನು ಬಂದ್ರೆ ಹಬ್ಬ ಯಾವತ್ತು ಅಂತ ನೋಡ್ತಿದ್ದೆ ಅಂತಾರೆ.

ಎರಡು_ಮಕ್ಕಳ_ತಾಯಿ (ಮಿಸಿಸಾಗಾ), ಬೆಳಿಗ್ಗೆ 10:38

ಇದು ಓದಿ ಗಂಟಲು ಕಟ್ಟಿತು. ನಮ್ಮತ್ತೆನೂ ಹೀಗೇ ಆಗಿದ್ದರು. ನಿಮ್ಮಪ್ಪನನ್ನ ಹತ್ತಿರದ ಮಾಲ್‌ಗೆ ಕರ್ಕೊಂಡು ಹೋಗಿ. ಅಂಗಡಿ ತೆರೆಯೋ ಮೊದಲೇ ವಯಸ್ಸಾದವರು ಒಳಗೆ ಸುತ್ತು ಹಾಕ್ತಾರೆ, ಬೆಚ್ಚಗಿರುತ್ತೆ, ನೆಲ ಸಮ. ನಮ್ಮತ್ತೆಗೆ ಅಲ್ಲೊಬ್ಬರು ಗುಜರಾತಿ ಹೆಂಗಸು ಸಿಕ್ಕರು. ಇವರಿಗೆ ಗುಜರಾತಿ ಬರಲ್ಲ, ಅವರಿಗೆ ಕನ್ನಡ ಬರಲ್ಲ, ಎರಡು ಗಂಟೆ ಮಾತು. ವಿಟಮಿನ್ ಡಿ ಬಗ್ಗೆ ಡಾಕ್ಟರನ್ನೂ ಒಂದು ಮಾತು ಕೇಳಿ.

ಮಕ್ಕಳನ್ನ ರೆಡಿ ಮಾಡೋದು ನನ್ನ ಗೋಳು. ಸ್ನೋ ಪ್ಯಾಂಟ್, ಬೂಟು, ಜಾಕೆಟ್, ಟೋಪಿ, ಕೊನೆಗೆ ಗ್ಲೌಸ್, ಇಪ್ಪತ್ತು ನಿಮಿಷ. ಜಿಪ್ ಎಳೆದು ಮೇಲೇಳ್ತೀನಿ, "ಅಮ್ಮಾ ಸುಸ್ಸು".

ಕೊಬ್ಬರಿಎಣ್ಣೆ_ಗಟ್ಟಿ, ಬೆಳಿಗ್ಗೆ 10:44

ಹಹ್ಹಹ್ಹ, ಯಾವಾಗ್ಲೂ ಜಿಪ್ ಆದ ಮೇಲೆಯೇ.

ಹಿಟ್ಟು_ಉಬ್ಬಲಿಲ್ಲ (ಕ್ಲೀವ್‌ಲ್ಯಾಂಡ್), ಬೆಳಿಗ್ಗೆ 11:05

ಯಾರೂ ಮುಖ್ಯ ವಿಷಯಕ್ಕೇ ಬರ್ತಿಲ್ಲ. ಇಡ್ಲಿ ಹಿಟ್ಟು. ಎರಡು ದಿನ ಆಯ್ತು, ರುಬ್ಬಿಟ್ಟಾಗ ಎಲ್ಲಿತ್ತೋ ಅಲ್ಲೇ ಇದೆ. ಓವನ್ ಒಳಗೆ ಲೈಟ್ ಹಾಕಿ ಇಡು ಅಂತ ಎಲ್ಲರೂ ಹೇಳ್ತಾರೆ. ಹೋದ ಸಲ ಇಟ್ಟಿದ್ದೆ. ಯಜಮಾನರು ಪಿಜ್ಜಾ ಮಾಡೋಕೆ ಅಂತ ಒಳಗೆ ನೋಡದೆ 425 ಫ್ಯಾರನ್‌ಹೀಟ್‌ಗೆ ಓವನ್ ಹಾಕಿದರು. ಪ್ಲಾಸ್ಟಿಕ್ ಮುಚ್ಚಳ ಸಮೇತ ಬೇಯ್ತು. ಸಿಟ್ಟಲ್ಲಿ ಎರಡು ದಿನ ಬ್ರೆಡ್ಡೇ ಕೊಟ್ಟೆ.

ಮೂವತ್ತು_ಚಳಿಗಾಲ, ಬೆಳಿಗ್ಗೆ 11:17

ಓವನ್ ಬಟನ್ ಮೇಲೆ ಒಂದು ಚೀಟಿ ಅಂಟಿಸಬೇಕು, ಇದು ನಮ್ಮನೆ ಕಾನೂನು. ಚೀಟಿಯಲ್ಲಿ "ಹಿಟ್ಟಿದೆ" ಅಂತ ಕನ್ನಡದಲ್ಲಿ ಬರೆದಿದ್ದೆ, ಇಲ್ಲೇ ಹುಟ್ಟಿದ ಮಗನಿಗೆ ಓದೋಕೆ ಬರಲಿಲ್ಲ, ಅದೂ ಒಂದು ಸಲ ಬೆಂದಿದೆ. ರುಬ್ಬುವಾಗ ಮೆಂತ್ಯ ಸ್ವಲ್ಪ ಮುಂದಿರಲಿ, ಕೈಯಲ್ಲೇ ಕಲಸಿ, ಚಮಚ ಬೇಡ.

ಪಕ್ಕದ_ಬೀದಿ (ಬಫಲೋ), ಮಧ್ಯಾಹ್ನ 12:10

ತಮಾಷೆ ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ಹೊಸದಾಗಿ ಮನೆ ತಗೊಂಡವರು ಇದನ್ನ ಓದಲೇಬೇಕು.

2022ರಲ್ಲಿ ನಮಗೆ ಎರಡು ಸಲ ಆಯ್ತು. ನವೆಂಬರ್‌ನಲ್ಲಿ ದಕ್ಷಿಣದ ಕಡೆ ಆರ್ಚರ್ಡ್ ಪಾರ್ಕ್‌ನಲ್ಲಿ ಆರೂವರೆ ಅಡಿ ಬಿತ್ತು. ನಮ್ಮ ಅಮೆರಿಕನ್ ಫುಟ್ಬಾಲ್ ತಂಡ ಬಿಲ್ಸ್‌ನ ಮ್ಯಾಚನ್ನೇ ಡೆಟ್ರಾಯ್ಟ್‌ಗೆ ಎತ್ತಿಕೊಂಡು ಹೋದರು. ಆಗ ನಮ್ಮ ಬೀದಿಯಲ್ಲಿ ಅಷ್ಟೇನಿಲ್ಲ. ಈರಿ ಕೆರೆ ಆಟ ಅದು. ಕೆರೆ ನೀರು ಇನ್ನೂ ಬೆಚ್ಚಗಿರುತ್ತೆ, ಮೇಲೆ ಕೊರೆಯೋ ಗಾಳಿ ಕೆರೆಯ ಉದ್ದಕ್ಕೂ ಬೀಸಿ ತೇವ ಹೀರಿಕೊಂಡು ದಡಕ್ಕೆ ಬಂದು ಸುರಿಯುತ್ತೆ. ಅದೂ ಕಿರಿದಾದ ಪಟ್ಟಿಯಲ್ಲಿ. ಆ ಪಟ್ಟಿ ನಿಂತ ಕಡೆ ಗಂಟೆಗೆ ಮೂರು ಇಂಚು, ಕೆಲವೇ ಮೈಲಿ ಆಚೆ ಬಿಸಿಲು. ಕೆರೆ ಹೆಪ್ಪುಗಟ್ಟಿದ ಮೇಲೆ ಆಟ ಕಡಿಮೆ. ಅದಕ್ಕೇ ಇಲ್ಲಿಯವರು ಕೆರೆ ಬೇಗ ಗಟ್ಟಿಯಾಗಲಿ ಅಂತ ಬೇಡಿಕೊಳ್ತಾರೆ.

ಡಿಸೆಂಬರ್‌ದು ಬೇರೆ ಥರ. 23ಕ್ಕೆ ಬೆಳಿಗ್ಗೆ ಶುರುವಾಯ್ತು, ಕ್ರಿಸ್‌ಮಸ್ ಪೂರ್ತಿ ಅದೇ. ಗಾಳಿ ಅಂದ್ರೆ ಗೋಡೆಗೆ ಯಾರೋ ಹೆಗಲು ಕೊಟ್ಟು ತಳ್ಳಿದ ಹಾಗೆ. ಕಿಟಕಿಯಾಚೆ ಎದುರು ಮನೆ ಇಲ್ಲ, ಬರೀ ಬಿಳಿ. ಗಾಡಿ ಓಡಿಸಬಾರದು ಅಂತ ಆದೇಶ. ಆಂಬುಲೆನ್ಸ್, ಫೈರ್ ಇಂಜಿನ್ ಕೂಡ ಸಿಕ್ಕಿಹಾಕಿಕೊಂಡವು. ನಮ್ಮ ಸುತ್ತಮುತ್ತ 40ಕ್ಕೂ ಹೆಚ್ಚು ಜನ ಸತ್ತರು. ಕೆಲವರು ಕಾರಲ್ಲಿ, ಕೆಲವರು ಹೊರಗೆ, ಕೆಲವರು ಸ್ನೋ ತೆಗೀತಾ, ಕೆಲವರು ಬಿಸಿ ಇಲ್ಲದ ಮನೆಯಲ್ಲಿ.

ನಮ್ಮನೇಲಿ ಕರೆಂಟ್ ಇತ್ತು, ಪಕ್ಕದ ಬೀದಿಯಲ್ಲಿ ಇರಲಿಲ್ಲ. ಅಲ್ಲಿನ ಒಂದು ಕುಟುಂಬ ಬಂದು ಎರಡು ರಾತ್ರಿ ನಮ್ಮಲ್ಲೇ ಇದ್ದರು, ಒಂಬತ್ತು ಜನ, ಒಂದು ಬಚ್ಚಲು. ಇದ್ದ ಅವಲಕ್ಕಿ ಎಲ್ಲ ಖಾಲಿ ಆಯ್ತು. ಎರಡನೇ ರಾತ್ರಿ ಮನೆ ಬಿಸಿ ಮಾಡೋ ಫರ್ನೇಸ್ ತಾನಾಗೇ ನಿಂತಿತು. ಯಾಕೆ ಅಂತ ತಿಳಿಯಲಿಲ್ಲ. ಬಂದಿದ್ದ ಆ ಮನೆಯಾತ ಕೇಳಿದ, "ನಿಮ್ಮ ಫರ್ನೇಸ್ ಹೊಗೆ ಪೈಪ್ ಎಲ್ಲಿ ಹೊರಗೆ ಬರುತ್ತೆ?" ನನಗೆ ಗೊತ್ತೇ ಇಲ್ಲ! ಆರು ವರ್ಷ ಆ ಮನೆಯಲ್ಲಿದ್ದೀನಿ. ಗೋಡೆ ಪಕ್ಕ ನೆಲದಿಂದ ಒಂದೂವರೆ ಅಡಿ ಮೇಲೆ ಎರಡು ಬಿಳಿ ಪೈಪ್, ಮೇಲೆ ನಾಲ್ಕು ಅಡಿ ಸ್ನೋ. ಇಬ್ಬರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿ ಬಾಗಿಲ ಹಿಡಿಗೆ ಕಟ್ಟಿ, ಕೈಯಲ್ಲಿ ತೋಡಿದೆವು. ಮನೆ ಗೋಡೆಯಿಂದ ಹತ್ತು ಹೆಜ್ಜೆ ಅಷ್ಟೇ, ಹಿಂತಿರುಗಿ ನೋಡಿದ್ರೆ ಬಾಗಿಲು ಕಾಣ್ತಿರಲಿಲ್ಲ.

ಫರ್ನೇಸ್ ನಿಂತಿದ್ದು ಅದೃಷ್ಟ. ನಿಲ್ಲದೆ ಓಡ್ತಾ ಇದ್ದಿದ್ರೆ ಹೊಗೆ ಒಳಗೆ ಬರುತ್ತೆ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಮಲಗಿದ ಹಾಗೇ ಹೋಗ್ತಾರೆ. ಕಾರಲ್ಲಿ ಸಿಕ್ಕಿಕೊಂಡ್ರೂ ಅಷ್ಟೇ, ಹಿಂದಿನ ಸೈಲೆನ್ಸರ್ ಬಾಯಿ ಮುಚ್ಚಿದ್ರೆ ಇಂಜಿನ್ ಹಾಕಿಕೊಂಡು ಕೂರಬೇಡಿ.

ಸೊಂಟ_ಹಿಡಿದವ, ಮಧ್ಯಾಹ್ನ 12:31

ಎರಡು ಬಿಳಿ ಪೈಪ್? ನಮ್ಮನೇಲಿ ಎಲ್ಲಿದೆ ಅಂತ ನನಗೂ ಗೊತ್ತಿಲ್ಲ. ನೋಡಿ ಬರ್ತೀನಿ.

ಮಂಡ್ಯದಿಂದ_ಮಿನ್ನಿಯಾಪೊಲಿಸ್, ಮಧ್ಯಾಹ್ನ 12:35

ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್ ಬ್ಯಾಟರಿನೂ ನೋಡಿ.

ಜಯನಗರ_4ನೇ_ಬ್ಲಾಕ್, ಮಧ್ಯಾಹ್ನ 12:44

ಬೆಳಿಗ್ಗೆ ತಮಾಷೆಗೆ ಬರೆದಿದ್ದೆ, ಬೇಜಾರಾಗಬೇಡಿ. ನನ್ನ ತಮ್ಮನೂ ಅಲ್ಲೇ ಇದ್ದಾನೆ, ಫೋನ್ ಮಾಡಿದ್ರೆ ಯಾವಾಗಲೂ "ಸ್ನೋ ಬಿದ್ದಿದೆ ಅಷ್ಟೇ" ಅಂತಾನೆ. ಈ ಅಷ್ಟೇ ಒಳಗೆ ಇಷ್ಟೆಲ್ಲ ಇದೆ ಅಂತ ತಿಳಿದಿರಲಿಲ್ಲ. ಅವನಿಗೆ ಈಗ ಪೈಪ್ ಎಲ್ಲಿದೆ ಅಂತ ಕೇಳಿ ಮೆಸೇಜ್ ಹಾಕಿದ್ದೀನಿ. ಅಲ್ಲಿ ಈಗ ಮಧ್ಯಾಹ್ನ, ಇಲ್ಲಿ ರಾತ್ರಿ ಹನ್ನೊಂದು ದಾಟಿದೆ, ಉತ್ತರ ಬರೋತನಕ ನಿದ್ದೆ ಬರಲ್ಲ.

ಕೊಬ್ಬರಿಎಣ್ಣೆ_ಗಟ್ಟಿ, ಮಧ್ಯಾಹ್ನ 12:52

ನಿಲ್ಲಿ, ರಾತ್ರಿ ಹನ್ನೊಂದಾ? ನಮಗೆ ಬೆಳಿಗ್ಗೆ ಎಂಟೂವರೆ ಅಂದ್ರೆ ನಿಮಗೆ ಸಂಜೆ ಏಳು. ಹಾಗಾದ್ರೆ ಅವರೆಕಾಳು ಉಪ್ಪಿಟ್ಟು ತಿಂದಿದ್ದು ಸಂಜೆ?

ಜಯನಗರ_4ನೇ_ಬ್ಲಾಕ್, ಮಧ್ಯಾಹ್ನ 12:55

ಅವರೆಕಾಳು ಕಾಲದಲ್ಲಿ ಎರಡು ಹೊತ್ತೂ ಅದೇ ಕಣ್ರೀ.

ಎರಡು_ಮಕ್ಕಳ_ತಾಯಿ, ಮಧ್ಯಾಹ್ನ 1:10

ಸಂಕ್ರಾಂತಿಗೆ ಎಳ್ಳು ಬೀರೋಕೆ ಹೋಗೋರು ಏನು ಮಾಡ್ತೀರ? ಹೋದ ವರ್ಷ ಮಗಳಿಗೆ ರೇಷ್ಮೆ ಲಂಗ, ಅದರ ಒಳಗೆ ಥರ್ಮಲ್ಸು, ಕಾಲಿಗೆ ಸ್ನೋ ಬೂಟು, ಮೇಲೆ ನನ್ನ ಜಾಕೆಟ್. ಮೂರನೇ ಮನೆಗೆ ಹೋಗೋ ಹೊತ್ತಿಗೆ ಸಕ್ಕರೆ ಅಚ್ಚಿನ ಪೊಟ್ಟಣ ಹಿಡಿದು ಡ್ರೈವ್‌ವೇನಲ್ಲಿ ಜಾರಿದೆ. ಬಿಳಿ ಸ್ನೋನಲ್ಲಿ ಬಿಳಿ ಸಕ್ಕರೆ ಅಚ್ಚು ಹುಡುಕಿ ನೋಡಿ ಯಾರಾದ್ರೂ.

ದಾವಣಗೆರೆ_ಹುಡುಗಿ, ಮಧ್ಯಾಹ್ನ 1:18

ಅಯ್ಯೋ ದೇವರೇ. ನಾವು ಟೊರಾಂಟೊದವರೇ, ಈ ಸಲ ನಮ್ಮನೆಗೆ ಬನ್ನಿ. ಮೆಟ್ಟಿಲಿಗೆ ಮರಳು ಹಾಕ್ತೀನಿ. ಅಪ್ಪನಿಗೆ ಒಂದೇ ದಿನ ಇಷ್ಟು ಜನ ಎಣಿಸೋಕೆ ಸಿಗ್ತಾರೆ.

ಸೊಂಟ_ಹಿಡಿದವ, ಮಧ್ಯಾಹ್ನ 1:26

ಪೈಪ್ ಸಿಕ್ತು. ಗ್ಯಾರೇಜ್ ಎಡಗಡೆ ಗೋಡೆ. ನಾನು ಬೆಳಿಗ್ಗೆ ಎತ್ತಿ ಎತ್ತಿ ಎಡಗಡೆ ಹಾಕಿದ ರಾಶಿ ಇದೆಯಲ್ಲ, ಅದರ ಅಂಚು ಪೈಪಿಗೆ ಒಂದು ಗೇಣು ದೂರ. ಇನ್ನೊಂದು ಹತ್ತು ಶೊವೆಲ್ ಹಾಕಿದ್ದಿದ್ರೆ ಮುಚ್ಚೇ ಹೋಗ್ತಿತ್ತು. ರಾಶಿ ಪೂರ್ತಿ ಬಲಗಡೆಗೆ ಸಾಗಿಸಿದೆ. ಸೊಂಟ ಈಗ ನಂದಲ್ಲ. ಪೈಪ್ ಪಕ್ಕ ಒಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದೀನಿ, ಹೊಲದಲ್ಲಿ ಬೆದರುಗೊಂಬೆ ಥರ ಇದೆ.

ಪಕ್ಕದ_ಬೀದಿ, ಮಧ್ಯಾಹ್ನ 1:40

ಒಳ್ಳೇದಾಯ್ತು. ಯಾವ ಕಡೆ ನೀವು? ನನ್ನ ಹತ್ರ ಸ್ನೋ ಎರಚಿ ದೂರ ಹಾಕೋ ಮಷೀನು, ಸ್ನೋ ಬ್ಲೋವರ್ ಇದೆ, ಹತ್ತಿರ ಇದ್ರೆ ಪ್ಲೌ ಗೋಡೆಗೆ ನಾನೇ ಬರ್ತೀನಿ. ಕಾಫಿ ಕೊಟ್ರೆ ಸಾಕು. ಒದ್ದೆ ಹಿಟ್ಟಾದ್ರೆ ಮಾತ್ರ ಅದು ಕಟ್ಟಿಕೊಳ್ಳುತ್ತೆ. ಹಾಗೆ ಕಟ್ಟಿಕೊಂಡಾಗ ಆಫ್ ಮಾಡಿದ ಮೇಲೂ ಕೈ ಹಾಕಬೇಡಿ, ಕೋಲಲ್ಲೇ ತೆಗೀಬೇಕು.

ಸೊಂಟ_ಹಿಡಿದವ, ಮಧ್ಯಾಹ್ನ 1:44

ಪರ್ಸನಲ್ ಮೆಸೇಜ್ ಮಾಡಿದ್ದೀನಿ. ಕಾಫಿ ಅಲ್ಲ, ಊಟಕ್ಕೇ ಬನ್ನಿ.

ಕೊಬ್ಬರಿಎಣ್ಣೆ_ಗಟ್ಟಿ, ರಾತ್ರಿ 9:30

ಹವಾಮಾನ ನೋಡಿದ್ರಾ? ನಾಳೆ ಬೆಳಿಗ್ಗೆ ನಿಮಗೂ ನಮಗೂ ಮತ್ತೆ ಆರೇಳು ಇಂಚು.

ಸೊಂಟ_ಹಿಡಿದವ, ರಾತ್ರಿ 9:33

ಯಾವ ರವೆ?

ಕೊಬ್ಬರಿಎಣ್ಣೆ_ಗಟ್ಟಿ, ರಾತ್ರಿ 9:34

ಮೈನಸ್ 11 ಅಂತಿದೆ. ಚಿರೋಟಿ.

ಸೊಂಟ_ಹಿಡಿದವ, ರಾತ್ರಿ 9:36

ಹಾಗಾದ್ರೆ ಆರೂವರೆಗೆ ಅಲಾರಂ ಇಡ್ತೀನಿ. ಪ್ಲೌ ಹೋದ ಮೇಲೆ.